ಆದಿಲಕ್ಷ್ಮಿಯೋ, ಹಳೇ ಮುನಿರತ್ನಳೋ

೧೪ ಫೆಬ್ರವರಿ ೧೯೮೭, ಶನಿವಾರ

ಬಸ್ಸಿನಲ್ಲಿ ಕೇಳಿದ ಮಾತು ಇನ್ನೂ ತಲೆಯಿಂದ ಇಳಿದಿಲ್ಲ.

ಬೆಳಗ್ಗೆ ಚಿನ್ನದ ಗಣಿಯ ಕೋರಮಂಡಲ್‌ನಲ್ಲಿ ಹುಡುಗಿಯರ ಬ್ಯಾಸ್ಕೆಟ್‌ಬಾಲ್ ಸೆಮಿಫೈನಲ್ ಇತ್ತು. ಆದಿಲಕ್ಷ್ಮಿಗೆ ಇನ್ನೂ ಹದಿನಾರು. ತಂಡದ ಅರ್ಧಕ್ಕಿಂತ ಹೆಚ್ಚು ಪಾಯಿಂಟು ಅವಳೊಬ್ಬಳದೇ. ಎಂಥ ಆಟ! ಕೂತು ನೋಡುತ್ತಿದ್ದರೂ ನನ್ನ ಕೈ ಸುಮ್ಮನಿರಲಿಲ್ಲ.

ಬೂದಿಕೋಟೆ ಬಸ್ಸು ಹತ್ತಿದರೆ, ಹಿಂದಿನ ಸೀಟಿನ ಇಬ್ಬರು ಗಂಡಸರಿಗೆ ಅದೇ ಜಗಳ.

"ಇಂಥಾ ಆಟಗಾತಿ ಈ ಕಡೆ ಉಟ್ಟೇ ಇಲ್ಲ ಕಣ್ಲಾ."

"ಓಗ್ಲಾ! ಆಗ ಮುನಿರತ್ನ ಅಂತ ಒಬ್ಳಿದ್ಳು. ಗೋಡೆಗೆ ಬೆರಣಿ ಒಗೆದಂಗೆ ಒಗೀತಿದ್ಳು. ಒಂದೂ ತಪ್ತಿರ್ಲಿಲ್ಲ."

ಆ ಮುನಿರತ್ನ ನಾನೇ. ಬೇಕಾದಷ್ಟು ತಪ್ಪುತ್ತಿತ್ತು. ಹದಿನೈದು ವರ್ಷದಲ್ಲಿ ಅವೆಲ್ಲ ಇವನ ಬಾಯಲ್ಲಿ ಬುಟ್ಟಿಗೆ ಬಿದ್ದುಬಿಟ್ಟಿವೆ.

ತಡೆಯಲಾರದೆ ತಿರುಗಿ, "ಅವಳಿಗಿಂತ ಈ ಉಡುಗೀನೇ ಮೇಲು ಕಣಣ್ಣ" ಅಂದೆ.

"ನೀನೇನಮ್ಮಾ ಕಂಡಿದ್ದೀಯ? ಅವಳ ಆಟ ನೋಡಿದ್ಯಾ?" ಎಂದು ರೇಗಿಬಿಟ್ಟ.

ನಾನು ಹೇಳಿದ್ದು ನಿಜವೇ. ಆದರೂ ಅವನು ಒಪ್ಪದೇ ಹೋದದ್ದು ಎಷ್ಟು ಹಿತವಾಗಿತ್ತು!

ಸಂಜೆ ಬೆರಣಿ ತಟ್ಟುವಾಗ ಒಂದು ಉಂಡೆಯನ್ನು ಗೋಡೆಯ ತುತ್ತತುದಿಗೆ ಒಗೆದೆ. ಅಂಟಿಕೊಂಡಿತು.

"ಅಷ್ಟು ಮೇಲಿಂದ ಅದನ್ನ ಯಾರೇ ಕೀಳೋರು?" ಅಂದರು ಅತ್ತೆ.

ಒಣಗಿದರೂ ಅದು ಅಲ್ಲೇ ಇರಲಿ.