ಧೂಳಿನ ಮೀಟರಿಗೆ ಮಲ್ಲಿಗೆ

ಕುಡುಪು, ಮಂಗಳೂರು
೧೨ ಫೆಬ್ರವರಿ ೨೦೨೫, ಬುಧವಾರ

ಪ್ರೀತಿಯ ಕುಶಲಾ,

ಕೆಮ್ಮು ಹೇಗಿದೆ? ಮಣ್ಣಗುಡ್ಡಕ್ಕೆ ಹೋದ ಮೇಲೆ ಇನ್‌ಹೇಲರ್ ದಿನಕ್ಕೆ ಒಂದೇ ಸಲ ಸಾಕಾಗುತ್ತದೆ ಎಂದು ನಮ್ಮ ಮಗಳು ಮನ್ವಿತಾ ಹೇಳಿದಳು. ಕೇಳಿ ಸಂತೋಷವಾಯಿತು, ಸ್ವಲ್ಪ ಹೊಟ್ಟೆಯೂ ಉರಿಯಿತು. ಮಗಳ ಮನೆಯ ಗಾಳಿ ನಿನಗೆ ಅಷ್ಟು ಬೇಗ ಹಿಡಿಸಬೇಕೇ? ನಾನು ಚೆನ್ನಾಗಿದ್ದೇನೆ. ಗಂಜಿ ನಾನೇ ಬೇಯಿಸುತ್ತೇನೆ, ಎರಡು ಸಲ ಮಾತ್ರ ಅಡಿ ಹಿಡಿಯಿತು. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಅದಕ್ಕೇ ಮದುವೆಗೆ ಮೊದಲು ಬರೆದ ಹಾಗೆ ಮತ್ತೆ ಕಾಗದ ಹಿಡಿದು ಕೂತಿದ್ದೇನೆ. ಪೂರ್ತಿ ಓದದೆ ಮಡಚಿ ಇಡಬೇಡ.

ಸುದ್ದಿ ಏನೆಂದರೆ, ನಮ್ಮ ಟ್ರ್ಯಾಕ್ ಪಾಸಾಯಿತು! ಹೌದು, ಅದೇ ಟ್ರ್ಯಾಕ್, ಮನೆಯ ಹಿಂದಿನ ಹಳೆಯ ಕೆಂಪುಕಲ್ಲಿನ ಕೋರೆಯಲ್ಲಿ ನಾನೂ ಮಗ ಅಕ್ಷಿತನೂ ಸೇರಿ ಭಾನುವಾರ ಭಾನುವಾರ ಜೀಪಿನವರನ್ನು ಗುಡ್ಡ ಹತ್ತಿಸಿ ಇಳಿಸುವ ಜಾಗ. "ಜೀಪಿನ ಹತ್ರವೇ ಗಂಜಿ ಕೇಳಿ, ನಾನು ಹೋಗ್ತೇನೆ" ಎಂದು ನೀನು ಬ್ಯಾಗು ಹಿಡಿದು ಹೊರಟದ್ದೂ ಅದರ ಧೂಳಿನಿಂದಲೇ. ನೀನು ಹೋದ ವಾರವೇ ಮಾಲಿನ್ಯ ಇಲಾಖೆಯಿಂದ ನೋಟಿಸು ಬಂತು. ಇಂಥ ಜಾಗಗಳಿಗೆ ಹೊಸ ನಿಯಮವಂತೆ: ಬೇಲಿಯ ಬಳಿ ಧೂಳು ಅಳೆಯುವ ಮೀಟರ್ ಇಡಬೇಕು, ಅಂಕಿ ನೂರು ದಾಟಿದರೆ ಗೇಟು ಮುಚ್ಚಬೇಕು. ಪಕ್ಕದ ಮನೆಯ ಗೆರ್ಟ್ರೂಡ್ ಬಾಯಿ, ಒಣಹಾಕಿದ ಬಿಳಿ ಬೆಡ್‌ಶೀಟ್ ಕೆಂಪಾದದ್ದನ್ನು ಹಿಡಿದುಕೊಂಡು ಹೋಗಿ ದೂರು ಕೊಟ್ಟಿದ್ದರು. ಅದು ಗೊತ್ತಾದ ದಿನ ನಾನು ಎಷ್ಟು ಹಾರಾಡಿದೆ ಎಂದು ಅಕ್ಷಿತನನ್ನೇ ಕೇಳು. ಹಾರಾಡಿ ಸುಸ್ತಾದ ಮೇಲೆ ಕೆಲಸಕ್ಕೆ ಇಳಿದೆವು. ಬಾವಿಯಿಂದ ಪೈಪ್ ಎಳೆದು ಸ್ಪ್ರಿಂಕ್ಲರ್ ಹಾಕಿದೆವು, ತಿರುವುಗಳಿಗೆ ತೆಂಗಿನ ಸಿಪ್ಪೆ ಹಾಸಿದೆವು, ಒಂದು ಸಲಕ್ಕೆ ಆರೇ ಗಾಡಿ ಎಂದು ಬೋರ್ಡು ಬರೆಸಿದೆವು.

ಮೊನ್ನೆ ಭಾನುವಾರ ಪರೀಕ್ಷೆ. ಬಂದ ಅಧಿಕಾರಿ ನಾಝಿಮಾ ಎಂಬ ಹುಡುಗಿ, ನಮ್ಮ ಮನ್ವಿತಾಳ ಪ್ರಾಯದವಳು. ಮೀಟರನ್ನು ಹಿಂದಿನ ದಿನವೇ ತಂದು ಕಟ್ಟಿಸಿದ್ದಳು. ನಮ್ಮ ಮನೆಗೆ ಹೊಸ ಯಂತ್ರ ಬಂದು ಪೂಜೆಯಿಲ್ಲದೆ ತಿರುಗಿದ್ದುಂಟೇ? ನಿನ್ನ ಮಿಕ್ಸಿಗೂ ತೆಂಗಿನಕಾಯಿ ಒಡೆದವನು ನಾನು. ಬೆಳಿಗ್ಗೆ ಸ್ನಾನ ಮಾಡಿ ಬಂದು ಮೀಟರಿಗೆ ಕುಂಕುಮ ಹಚ್ಚಿದೆ, ಒಂದು ಚೆಂಡು ಮಲ್ಲಿಗೆ ಸುತ್ತಿದೆ, ಊದುಬತ್ತಿಯ ಇಡೀ ಕಟ್ಟು ಹಚ್ಚಿ, ಕೆಳಗೆ ಕೆಂಡದ ಮೇಲೆ ಸಾಂಬ್ರಾಣಿಯನ್ನೂ ಹಾಕಿದೆ. ಕೈಮುಗಿದು ಕಣ್ಣು ತೆರೆಯುವಷ್ಟರಲ್ಲಿ ಮೀಟರ್ ಕಿರುಚಲು ಶುರು! ಅಂಕಿ ನಾನೂರ ಹತ್ತು. ಒಂದು ಜೀಪೂ ಸ್ಟಾರ್ಟ್ ಆಗಿರಲಿಲ್ಲ ಕುಶಲಾ! ನಾಝಿಮಾ ಓಡಿ ಬಂದು, "ಎಂತ ಮಾರಾಯ್ರೆ, ಗಾಳಿ ಅಳೆಯುವ ಮೆಷಿನಿಗೆ ನೀವೇ ಹೊಗೆ ಹಾಕಿದ್ದಾ?" ಎಂದಳು. ಅಕ್ಷಿತ್ ಜೀಪಿನ ಹಿಂದೆ ಅಡಗಿ ನಕ್ಕ. ಗೆರ್ಟ್ರೂಡ್ ಬಾಯಿ ಅಡಗದೆಯೇ ನಕ್ಕರು.

ಕೆಂಡಕ್ಕೆ ನೀರು ಸುರಿದು ಕಾದು ಕುಳಿತೆವು. ಅಂಕಿ ಇಳಿಯುವುದನ್ನು ನೋಡುತ್ತಾ ಸುಮ್ಮನೆ ಕೇಳಿದೆ, ಮೊದಲಿನ ಹಾಗೆ ನೀರು ಹಾಕದೆ ಇಪ್ಪತ್ತು ಗಾಡಿ ಓಡಿದ್ದರೆ ಎಷ್ಟು ತೋರಿಸುತ್ತಿತ್ತು ಎಂದು. "ನಿಮ್ಮ ಹೊಗೆಗೆ ಬಂದದ್ದರ ಡಬ್ಬಲ್ ಆದ್ರೂ ಬರ್ತಿತ್ತು ಅಂಕಲ್" ಎಂದಳು. ನನ್ನ ಗಂಟಲು ಆ ಸಾಂಬ್ರಾಣಿ ಹೊಗೆಗೇ ಉರಿಯುತ್ತಿತ್ತು. ನಿನ್ನ ಮಂಚದ ಪಕ್ಕದ ಕಿಟಕಿ ಬೇಲಿಯಿಂದ ಹತ್ತು ಹೆಜ್ಜೆ. ಮೂರು ವರ್ಷ ನೀನು ಅಲ್ಲಿ ಮಲಗಿ ಕೆಮ್ಮಿದೆ, ನಾನು "ಪ್ರಾಯ ಆಯ್ತಲ್ಲ, ಕೆಮ್ಮು ಬರ್ತದೆ" ಎಂದೆ. ನನಗೆ ತುಂಬಾ ನಾಚಿಕೆಯಾಯಿತು ಕುಶಲಾ. ತಪ್ಪು ನನ್ನದೇ.

ಆದರೆ ಮುಂದಿನದ್ದು ಕೇಳು! ಹತ್ತು ಗಂಟೆಗೆ ಆರು ಜೀಪು ಒಟ್ಟಿಗೆ ಕೋರೆಗೆ ಇಳಿದವು. ಮೀಟರಿನಲ್ಲಿ ಐವತ್ತೆಂಟು. ಮಧ್ಯಾಹ್ನದ ಬಿಸಿಲಿಗೆ ಎಪ್ಪತ್ತು. ಸಂಜೆಯ ಕೊನೆಯ ಸುತ್ತು ನಾನೇ ಓಡಿಸಿದೆ, ಎಂಬತ್ತೊಂದು! ಗೆರ್ಟ್ರೂಡ್ ಬಾಯಿ ತಮ್ಮ ಬೆಡ್‌ಶೀಟನ್ನು ಹೊತ್ತು ತಂದು ತೋರಿಸಿದರು, ಬೆಳಿಗ್ಗೆ ಹಾಕಿದಷ್ಟೇ ಬಿಳಿ. ನಾಝಿಮಾ ಸಹಿ ಹಾಕಿದಳು. ಬರುವ ಭಾನುವಾರ ಒಂಬತ್ತು ಗಂಟೆಗೆ ಗೇಟು ತೆರೆಯಬಹುದು. ಅಂದಿನಿಂದ ನನಗೆ ನಿಂತಲ್ಲಿ ನಿಲ್ಲಲಾಗುತ್ತಿಲ್ಲ.

ಮನ್ವಿತಾಳಿಗೂ ಮೊಮ್ಮಗಳಿಗೂ ನನ್ನ ಆಶೀರ್ವಾದ ಹೇಳು. ನಿನಗೆ ಆಶೀರ್ವಾದ ಮಾಡುವ ಧೈರ್ಯ ಸದ್ಯಕ್ಕಿಲ್ಲ, ಪ್ರೀತಿ ಮಾತ್ರ. ಅಕ್ಷಿತನ ಕೈಯಲ್ಲಿ ನಮ್ಮ ಹಿತ್ತಲಿನ ಬಸಳೆ ಕಳಿಸಿದ್ದೇನೆ. ತೊಳೆದು ನೋಡು, ನೀರು ಕೆಂಪಾಗುವುದಿಲ್ಲ.

ನಿನ್ನ,
ಜಯಪಾಲ

ವಿ.ಸೂ.: ಅಕ್ಷಿತ್ ಹೊರಗೆ ಹಾರ್ನ್ ಹೊಡೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ನಿಯಮದ ಮೀಟರ್ ಬೇಲಿಯಲ್ಲಿದೆ. ಅಂಥದ್ದೇ ಇನ್ನೊಂದನ್ನು ತಂದು ನಿನ್ನ ಕಿಟಕಿಗೆ ಕಟ್ಟಿದ್ದೇನೆ. ಇದಕ್ಕೆ ಊದುಬತ್ತಿ ಇಲ್ಲ, ಮಲ್ಲಿಗೆ ಮಾತ್ರ. ಅದರ ಅಂಕಿ ನೋಡುವವಳು ನೀನು. ನೀನು ಸಾಕು ಎಂದ ಕೂಡಲೇ ಟ್ರ್ಯಾಕ್ ಬಂದ್, ನಾನು ಎದುರಾಡುವುದಿಲ್ಲ. ಲಕೋಟೆಯನ್ನು ಅಲ್ಲಾಡಿಸಿ ನೋಡು, ಗೇಟಿನ ಬೀಗದ ಕೈ ಒಳಗಿದೆ. ಇನ್ನೊಂದು ನನ್ನ ಹತ್ತಿರ ಇಲ್ಲ. ಭಾನುವಾರ ಒಂಬತ್ತಕ್ಕೆ, ಸರದಿಗೆ ಹೆಸರು ಕೊಟ್ಟ ಹದಿನೆಂಟು ಜೀಪುಗಳೂ ನಾನೂ ಗೇಟಿನ ಹೊರಗೆ ನಿಂತಿರುತ್ತೇವೆ.