ಗೋಡೆಯ ಎರಡು ತೂತು

ಅಪ್ಪಾ,

ಜೇವರ್ಗಿಯ ನಮ್ಮ ಸೊಸೈಟಿ ಫ್ಲ್ಯಾಟಿನ ಮಾರಾಟದ ಮಾತು ಅಂತೂ ಇವತ್ತು ಮುಗಿಯಿತು. ಸೊಸೈಟಿಯವರೂ ಒಪ್ಪಿದರು.

ಏಳು ತಿಂಗಳಿಂದ ಮನೆ ನೋಡಲು ಬಂದವರೆಲ್ಲ ನಿನ್ನ ಕೋಣೆ, ನನ್ನ ಕೋಣೆ ಮೆಚ್ಚಿ, ಹಾಲ್‌ನ ಗೋಡೆಯ ತೂತುಗಳ ಮುಂದೆ ನಿಂತುಬಿಡುತ್ತಿದ್ದರು. ಅಲ್ಲಿ ಟಿ.ವಿ. ಇತ್ತು ಅನ್ನು ಎಂದು ಏಜಂಟ್ ದೌಲತರಾಯ ಕಲಿಸಿಕೊಟ್ಟಿದ್ದ. ಅದನ್ನೇ ಹೇಳಿ ಹೇಳಿ ನನಗೆ ಸಾಕಾಗಿತ್ತು.

ಇವತ್ತು ಬಂದವರು ಅಂದೋಲಾ ಕಡೆಯ ನರ್ಸ್, ಬಸವೇಶ್ವರಿ.

"ಈ ಎರಡು ತೂತು ಯಾತರವು, ಅಕ್ಕಾ?"

ನನಗೆ ಸುಳ್ಳು ಬಾಯಿಗೆ ಬರಲಿಲ್ಲ. "ನಮ್ಮಪ್ಪ ತೀರ್ಕೊಂಡಾಗ ಮಣ್ಣಿಗೆ ಒಯ್ಯೋತನಕ ಇಲ್ಲೇ ಕೂಡ್ಸಿದ್ವಿರಿ. ವಾಲಬಾರ್ದಂತ ಎರಡು ಮೊಳಿ ಹೊಡ್ದು ಅವರ ಶಲ್ಯಾನೇ ಕಟ್ಟಿದ್ವಿ."

ದೌಲತರಾಯ ತಲೆಯ ಮೇಲೆ ಕೈ ಇಟ್ಟುಕೊಂಡ. ಆಕೆ ಮಾತ್ರ ಗೋಡೆಯನ್ನು ಮೆಲ್ಲಗೆ ಸವರಿದರು.

"ನಮ್ಮವ್ವಗೂ ಹಂಗೇ ಕೂಡ್ಸಿದ್ವಿರಿ. ಇವು ಮುಚ್ಚಬ್ಯಾಡ್ರಿ, ಇಲ್ಲೇ ಅವ್ವನ ಫೋಟೋ ಹಾಕ್ತೀನಿ."

ಅಪ್ಪಾ, ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಟಿ.ವಿ. ಟಿ.ವಿ. ಅನ್ನುವುದು ಇನ್ನಿಲ್ಲ.

ಅವರು ಹೋದ ಮೇಲೆ ನಿನ್ನ ಟ್ರಂಕು ತೆಗೆದೆ. ನಮ್ಮವ್ವನ ಫೋಟೋ ನೀನು ಟವೆಲಿನಲ್ಲಿ ಸುತ್ತಿಟ್ಟ ಹಾಗೆಯೇ ಇದೆ. ಅದಕ್ಕೆಂದು ಆ ಗೋಡೆಗೆ ಒಂದೇ ಒಂದು ಮೊಳೆ ಕೇಳಿದ್ದೆ ನೀನು.

"ಬ್ಯಾಡಪ್ಪಾ, ಹೊಸ ಬಣ್ಣ ಕೆಡ್ತದ" ಎಂದಿದ್ದೆ ನಾನು.