ಮೊದಲು ನೀವೇ ಎತ್ತಿಕೊಳ್ಳಿ

ಚಿಕ್ಕಮಗಳೂರು
೧೨-೧-೧೯೯೮

ಅತ್ತೆಯವರಿಗೆ ವಸುಧಾ ಮಾಡುವ ನಮಸ್ಕಾರಗಳು.

ನಾಳೆ ಹನ್ನೊಂದು ಗಂಟೆಗೆ ಆಪರೇಷನ್. ನನ್ನ ಬೆನ್ನುಮೂಳೆಯ ತೊಂದರೆಯಿಂದಾಗಿ ಪೂರ್ತಿ ಪ್ರಜ್ಞೆ ತಪ್ಪಿಸುತ್ತಾರಂತೆ. ಮಗು ಹುಟ್ಟಿದ್ದು ನನಗೆ ತಿಳಿಯುವುದೇ ಇಲ್ಲ. ತಾಳಿ, ಬಳೆ ಎಲ್ಲ ಬಿಚ್ಚಿಡಬೇಕಂತೆ. ನೀವು ಬಂದ ಮೇಲೆ ನಿಮ್ಮ ಕೈಗೇ ಕೊಡುತ್ತೇನೆ.

ವಾಂತಿಯಿಂದ ಏಳಲಾಗದೆ ಮಲಗಿದ್ದಾಗ ದಿನವೂ ಗಂಜಿ ಕುಡಿಸಿದವರು ನೀವು. ಸೀಮಂತದ ದಿನ ಮಾತ್ರ, "ಗಂಡ ಸತ್ತೋಳು ನಾನು, ಮುಂದೆ ಬರಬಾರ್ದು ಕಣೇ" ಎಂದು ಅಡುಗೆಮನೆಯಲ್ಲೇ ಉಳಿದಿರಿ. ನಾನೂ ಸುಮ್ಮನಿದ್ದೆ. ತಪ್ಪಾಯಿತು.

ಈ ಕಾಗದವನ್ನು ಇವತ್ತಿನ ಸಂಜೆ ಬಸ್ಸಿನವರ ಕೈಯಲ್ಲೇ ಕಳಿಸುತ್ತಿದ್ದೇನೆ. ನಾಳೆ ಆಲ್ದೂರಿನಿಂದ ಮೊದಲ ಬಸ್ಸಿಗೇ ಬನ್ನಿ. ಮಗುವನ್ನು ಮೊದಲು ನಿಮ್ಮ ಕೈಗೇ ಕೊಡಬೇಕೆಂದು ನರ್ಸಿಗೂ ನಮ್ಮಮ್ಮನಿಗೂ ಹೇಳಿದ್ದೇನೆ. ಮಗುವಿಗೆ ಸುತ್ತಲು ಹೊಸ ಬಟ್ಟೆ ಬೇಡ, ನೀವು ಉಟ್ಟು ಮೆತ್ತಗಾದ ಸೀರೆಯನ್ನೇ ತನ್ನಿ.

ಎಚ್ಚರವಾದ ಕೂಡಲೇ, ಮಗು ಯಾವ ಸೀರೆಯಲ್ಲಿದೆ ಎಂದು ನೋಡುತ್ತೇನೆ.

ನಿಮ್ಮ ಸೊಸೆ,
ವಸುಧಾ